ಆಟಿಯ ಬಳಿಕ ಮುಗ್ಗರಿಸುವ ಬೈಕು

ಆಟಿ ಕಳೆದು ಬಿಸಿಲು ಕಾಣಿಸಿಕೊಳ್ಳುತ್ತಲೇ ನಮ್ಮ ಮಂಜೇಶ್ವರ, ಉಪ್ಪಳದ ಗ್ಯಾರೇಜುಗಳ ಮುಂದೆ ಹಳೆಯ ಬೈಕುಗಳ ಸಾಲು ಬೆಳೆಯುತ್ತದೆ. ದೂರು ಬಹುತೇಕ ಒಂದೇ. ನಿಂತಲ್ಲಿ ಎಂಜಿನು ಹೇಗೋ ಓಡುತ್ತದೆ. ಎಕ್ಸಿಲರೇಟರನ್ನು ತಿರುಗಿಸಿದ ಕ್ಷಣ ಉಸಿರು ಕಟ್ಟಿದಂತೆ ತಡವರಿಸಿ, ಬಳಿಕ ಒಮ್ಮೆಲೇ ಮುಂದಕ್ಕೆ ನೆಗೆಯುತ್ತದೆ. ಹೊಸಂಗಡಿಯಿಂದ ಆನೆಕಲ್ಲಿನತ್ತ ಸಾಗುವ ರಸ್ತೆಯ ಏರಿನಲ್ಲಿ ಬಸ್ಸನ್ನು ಹಿಂದಿಕ್ಕಲು ಹೊರಟವನಿಗೆ ಆ ಅರೆಗಳಿಗೆ ಪ್ರಾಣಾಂತಿಕವಾಗಬಲ್ಲದು.

ಕಾರಣ ಸರಳವಾಗಿದೆ. ಥ್ರಾಟಲ್ ತೆರೆದೊಡನೆ ಗಾಳಿ ಥಟ್ಟನೆ ಒಳನುಗ್ಗುತ್ತದೆ. ಗಾಳಿಗಿಂತ ಭಾರವಾದ ಪೆಟ್ರೋಲು ಕ್ಷಣಕಾಲ ಹಿಂದುಳಿಯುತ್ತದೆ. ಆ ಕೊರತೆಯನ್ನು ತುಂಬಬೇಕಾದುದು ಪೈಲಟ್ ಜೆಟ್ ಎಂಬ, ಕೂದಲೆಳೆಯಷ್ಟೇ ರಂಧ್ರವುಳ್ಳ ಪುಟ್ಟ ಭಾಗ. ಮಳೆಗಾಲದಲ್ಲಿ ಜಗಲಿಯ ಮೂಲೆಯಲ್ಲಿ ವಾರಗಟ್ಟಲೆ ನಿಂತ ಬೈಕಿನಲ್ಲಿ, ಕಾರ್ಬ್ಯುರೇಟರಿನ ತಳದ ಬಟ್ಟಲಲ್ಲಿ ಉಳಿದ ಪೆಟ್ರೋಲು ಆವಿಯಾಗಿ ಅಂಟು ಕಟ್ಟಿ ಮುಚ್ಚುವುದು ಈ ರಂಧ್ರವನ್ನೇ.

ಇದರ ಮೇಲೆ ಈಗ ಎಥನಾಲ್ ಬಂದಿದೆ. ಪೆಟ್ರೋಲಿಗೆ ಎಥನಾಲ್ ಬೆರೆಸುವ ಕಾರ್ಯಕ್ರಮದಲ್ಲಿ ದೇಶವು 2025ರಲ್ಲಿ ಶೇಕಡಾ 20ರ ಪ್ರಮಾಣವನ್ನು ಮುಟ್ಟಿತು. ಎಥನಾಲ್ ನೀರಿನ ಅಂಶವನ್ನು ಹೀರಿಕೊಳ್ಳುವ ದ್ರವ. ನಮ್ಮ ಕರಾವಳಿಯ ಹವೆಯಲ್ಲಿ ಅದಕ್ಕೆ ನೀರಿನ ಬರವಿಲ್ಲ. ಮೇಲಾಗಿ, ಒಂದು ಭಾಗ ಪೆಟ್ರೋಲು ಪೂರ್ಣವಾಗಿ ಉರಿಯಲು ತೂಕದಲ್ಲಿ ಸುಮಾರು 14.7 ಭಾಗ ಗಾಳಿ ಬೇಕು, ಎಥನಾಲಿಗಾದರೋ ಸುಮಾರು 9 ಭಾಗ ಸಾಕು. ಆದುದರಿಂದ ಬರಿಯ ಪೆಟ್ರೋಲಿಗೆಂದು ಅಳತೆ ಮಾಡಿದ ಜೆಟ್ಟಿನಲ್ಲಿ ಹೊಸ ಇಂಧನ ಹರಿದಾಗ ಮಿಶ್ರಣ ತೆಳುವಾಗುತ್ತದೆ. ಫ್ಯುಯೆಲ್ ಇಂಜೆಕ್ಷನ್ ವ್ಯವಸ್ಥೆಯು ಸೆನ್ಸರಿನ ನೆರವಿನಿಂದ ಇದನ್ನು ತಕ್ಕಮಟ್ಟಿಗೆ ತಾನೇ ಸರಿಪಡಿಸಿಕೊಳ್ಳಬಲ್ಲದು; ಕಾರ್ಬ್ಯುರೇಟರಿಗೆ ಆ ಬುದ್ಧಿಯಿಲ್ಲ. ಎಥನಾಲ್ ರಹಿತ ಪೆಟ್ರೋಲನ್ನೂ ಒದಗಿಸಬೇಕೆಂದು ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಸರ್ವೋಚ್ಚ ನ್ಯಾಯಾಲಯವು 2025ರ ಸೆಪ್ಟೆಂಬರ್ 1ರಂದು ವಜಾಗೊಳಿಸಿತು. ಹಳೆಯ ಬೈಕಿನ ಒಡೆಯನಿಗೂ ಆಯ್ಕೆಯ ಹಕ್ಕು ಇರಬೇಕಿತ್ತೆಂಬುದು ನನ್ನ ಅಭಿಮತ. ಸದ್ಯಕ್ಕಂತೂ ಅವನಿಗೆ ಉಳಿದಿರುವ ಪರಿಹಾರ ಸ್ಕ್ರೂ ಡ್ರೈವರಿನ ತುದಿಯಲ್ಲಿದೆ.

ಆದರೆ ಸ್ಕ್ರೂಗೆ ಕೈ ಹಾಕುವುದು ಕೊನೆಯ ಕೆಲಸ. ಏರ್ ಫಿಲ್ಟರ್, ಪ್ಲಗ್, ಟ್ಯಾಪೆಟ್ ಸರಿಯಿವೆಯೇ, ಕಾರ್ಬ್ಯುರೇಟರಿಗೂ ಎಂಜಿನಿಗೂ ನಡುವಣ ರಬ್ಬರು ಬಿರಿದು ಗಾಳಿ ಸೋರುತ್ತಿದೆಯೇ ಎಂದು ಮೊದಲು ನೋಡತಕ್ಕದ್ದು. ತಡವರಿಸುವಾಗ ಚೋಕನ್ನು ತುಸು ಎಳೆದು ನೋಡಿ. ಓಟ ಸುಧಾರಿಸಿದರೆ ಮಿಶ್ರಣ ತೆಳುವಾಗಿದೆಯೆಂದು ತಿಳಿಯಬೇಕು. ಆಮೇಲೆ ಪೈಲಟ್ ಜೆಟ್ಟನ್ನು ಬಿಚ್ಚಿ ಕ್ಲೀನರ್ ಮತ್ತು ಗಾಳಿಯ ಒತ್ತಡದಿಂದ ಶುಚಿಗೊಳಿಸಿರಿ. ತಂತಿ ತೂರಿಸಿ ರಂಧ್ರವನ್ನು ಹಿಗ್ಗಿಸುವ ಅಭ್ಯಾಸ ಸರ್ವಥಾ ಸಲ್ಲದು.

ಇನ್ನು ಟ್ಯೂನಿಂಗ್. ಮಿಶ್ರಣದ ಸ್ಕ್ರೂವನ್ನು ಮೆಲ್ಲಗೆ, ತಳ ತಾಗುವವರೆಗೆ ಮಾತ್ರ ಒಳಕ್ಕೆ ತಿರುಗಿಸಿ, ಕೈಪಿಡಿಯಲ್ಲಿ ಹೇಳಿದಷ್ಟು ಸುತ್ತು ಹೊರಗೆ ತರಬೇಕು. ಅನೇಕ ಬೈಕುಗಳಲ್ಲಿ ಇದು ಒಂದೂವರೆಯಿಂದ ಎರಡು ಸುತ್ತು. ಬಲ ಹಾಕಿ ಬಿಗಿದರೆ ಸೂಜಿಮೊನೆ ಕೆಡುತ್ತದೆ. ಎಂಜಿನು ಚೆನ್ನಾಗಿ ಬಿಸಿಯಾದ ಬಳಿಕ ಕಾಲು ಕಾಲು ಸುತ್ತು ತಿರುಗಿಸುತ್ತ, ಅದು ಅತಿ ವೇಗವಾಗಿ, ನಯವಾಗಿ ಓಡುವ ಜಾಗವನ್ನು ಹುಡುಕಿರಿ. ಅನಂತರ ಐಡ್ಲಿಂಗನ್ನು ಬೇರೆ ಸ್ಕ್ರೂನಿಂದ ಇಳಿಸಿರಿ. ತಡವರಿಕೆ ಉಳಿದರೆ ಇನ್ನೊಂದು ಕಾಲು ಸುತ್ತು ದಟ್ಟ ಮಾಡಬಹುದು. ಇಲ್ಲಿ ಅನೇಕರು ಎಡವುತ್ತಾರೆ: ಸ್ಕ್ರೂ ಎಂಜಿನಿನ ಬದಿಗಿದ್ದರೆ ಹೊರಕ್ಕೆ ತಿರುಗಿಸಿದಾಗ ಮಿಶ್ರಣ ದಟ್ಟವಾಗುತ್ತದೆ, ಏರ್ ಫಿಲ್ಟರಿನ ಬದಿಗಿದ್ದರೆ ಒಳಕ್ಕೆ ತಿರುಗಿಸಿದಾಗ. ಅರ್ಧ ಥ್ರಾಟಲಿನಲ್ಲಿ ಮುಗ್ಗರಿಸುವ ಬೈಕಿಗೆ ಈ ಸ್ಕ್ರೂ ಮದ್ದಲ್ಲ. ಅಲ್ಲಿ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿ ಸೂಜಿಯನ್ನು ಎತ್ತರಿಸಬೇಕಾಗುತ್ತದೆ. ಆ ಸೌಲಭ್ಯ ಎಲ್ಲ ಮಾದರಿಗಳಲ್ಲಿಯೂ ಇಲ್ಲ.

ಪಿಕಪ್ ಬಂತೆಂಬ ಹುಮ್ಮಸ್ಸಿನಲ್ಲಿ ಸ್ಕ್ರೂವನ್ನು ಮಿತಿಮೀರಿ ತಿರುಗಿಸಿದರೆ ಕಾನೂನು ಎದುರಾಗುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 115ನೆಯ ನಿಯಮದಂತೆ, 2000ದ ಮಾರ್ಚ್ 31ರ ನಂತರ ತಯಾರಾದ, ಬಿ.ಎಸ್.-6ಕ್ಕೆ ಹಿಂದಿನ ನಾಲ್ಕು ಸ್ಟ್ರೋಕಿನ ಬೈಕಿನ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಶೇಕಡಾ 3.5ನ್ನು ಮೀರಬಾರದು. ಪರೀಕ್ಷೆ ನಡೆಯುವುದು ಐಡ್ಲಿಂಗಿನಲ್ಲಿ, ಅಂದರೆ ಈ ಸ್ಕ್ರೂವಿನ ಅಧಿಕಾರವ್ಯಾಪ್ತಿಯಲ್ಲಿಯೇ. ಆದುದರಿಂದ ಟ್ಯೂನಿಂಗ್ ಮಾಡಿಸಿದ ದಿನವೇ ಹೊಗೆ ತಪಾಸಣಾ ಕೇಂದ್ರಕ್ಕೆ ಹೋಗಿ ಅಂಕಿಯನ್ನು ನೋಡಿಕೊಳ್ಳುವುದು ಲೇಸು. ಮುಂದಿನ ಆಟಿಗೆ ಬೈಕನ್ನು ಒಳಗಿಡುವವರು ಪೆಟ್ರೋಲ್ ಟ್ಯಾಪನ್ನು ಮುಚ್ಚಿ, ಎಂಜಿನು ತಾನಾಗಿ ನಿಲ್ಲುವವರೆಗೆ ಓಡಿಸಿ, ಬಟ್ಟಲಿನ ಡ್ರೈನ್ ಸ್ಕ್ರೂ ಸಡಿಲಿಸಿ ಉಳಿದ ಹನಿಯನ್ನೂ ಹೊರಹರಿಸಲಿ.