ಗಿಗಾಹರ್ಟ್ಜ್‌ನಲ್ಲಿ 'ಶಕ್ತಿ' ಅಳೆಯಬೇಡಿ: ಸ್ವದೇಶಿ ಪ್ರೊಸೆಸರ್ ನಮ್ಮ ಪಿಸಿಗೆ ಯಾಕೆ ಬಂದಿಲ್ಲ?

ಚೆನ್ನೈ: ಇಲ್ಲಿನ ರಿಚಿ ಸ್ಟ್ರೀಟ್‌ಗೆ ಹೋಗಿ 'ಒಂದು ಪಿಸಿ ಜೋಡಿಸಿಕೊಡಿ' ಎಂದರೆ ಅಂಗಡಿಯವರು ಕೇಳುವುದು, ಇಂಟೆಲ್ಲೋ ಎಎಂಡಿಯೋ ಎಂದು. ಮೂರನೇ ಹೆಸರು ಬರುವುದಿಲ್ಲ. ಆದರೆ ಇದೇ ಊರಿನ ಐಐಟಿ ಮದ್ರಾಸ್‌ನಲ್ಲಿ 'ಶಕ್ತಿ' ಎಂಬ ಸ್ವದೇಶಿ ಪ್ರೊಸೆಸರ್ ಯೋಜನೆ ದಶಕದಿಂದ ನಡೆಯುತ್ತಿದೆ. ಅದರ ಹೊಸ ಚಿಪ್ ಸುದ್ದಿಯಾದಾಗಲೆಲ್ಲ ಜನ ಕೇಳುವ ಪ್ರಶ್ನೆ ಒಂದೇ: 'ಇದು ನಮ್ಮ ಕಂಪ್ಯೂಟರ್‌ಗೆ ಯಾವಾಗ ಬರುತ್ತೆ?'

ಉತ್ತರ ಬೇಕಿದ್ದರೆ ಮೊದಲು ಮಧ್ಯಮ ದರ್ಜೆಯ ಡೆಸ್ಕ್‌ಟಾಪ್ ಪ್ರೊಸೆಸರ್‌ನಲ್ಲಿ ಏನಿರುತ್ತದೆ ಎಂದು ನೋಡಬೇಕು.

ಪೆಟ್ಟಿಗೆಯೊಳಗೆ ಏನಿದೆ?

2022ರ ಜನವರಿಯಲ್ಲಿ ಬಂದ ಇಂಟೆಲ್ ಕೋರ್ ಐ5-12400 ತೆಗೆದುಕೊಳ್ಳಿ. 6 ಕೋರ್, 12 ಥ್ರೆಡ್. ಸಾಮಾನ್ಯ ವೇಗ 2.5 ಗಿಗಾಹರ್ಟ್ಜ್, ಕೆಲಸ ಹೆಚ್ಚಾದಾಗ 4.4 ಗಿಗಾಹರ್ಟ್ಜ್. 18 ಎಂಬಿ ಕ್ಯಾಶ್, ಡಿಡಿಆರ್4 ಹಾಗೂ ಡಿಡಿಆರ್5 ಎರಡೂ ಮೆಮೊರಿಗೆ ಬೆಂಬಲವಿದೆ. ಮರುವರ್ಷ ಬಂದ ಎಎಂಡಿಯ ರೈಜೆನ್ 5 7600ರಲ್ಲೂ 6 ಕೋರ್, 12 ಥ್ರೆಡ್. ವೇಗ 3.8ರಿಂದ 5.1 ಗಿಗಾಹರ್ಟ್ಜ್, 32 ಎಂಬಿ ಎಲ್3 ಕ್ಯಾಶ್. ಆದರೆ ಇದಕ್ಕೆ ಡಿಡಿಆರ್5 ಮೆಮೊರಿಯೇ ಬೇಕು.

ಶಕ್ತಿಯ ಲೆಕ್ಕ ಬೇರೆ. 2018ರಲ್ಲಿ ಬಂದ 'ರೈಸ್‌ಕ್ರೀಕ್' ಚಿಪ್‌ನ ವೇಗ 400 ಮೆಗಾಹರ್ಟ್ಜ್. ಅಂದರೆ ಐ5ನ ಗರಿಷ್ಠ ವೇಗದ ಹನ್ನೊಂದನೇ ಒಂದು ಭಾಗ. ಅದನ್ನು ತಯಾರಿಸಿದ್ದು ಅಮೆರಿಕದ ಆರೆಗಾನ್‌ನಲ್ಲಿರುವ ಇಂಟೆಲ್ ಕಾರ್ಖಾನೆಯಲ್ಲಿ, 22 ನ್ಯಾನೋಮೀಟರ್ ತಂತ್ರಜ್ಞಾನದಲ್ಲಿ. ಅದೇ ವರ್ಷ 'ರಿಮೋ' ಚಿಪ್ ನಮ್ಮದೇ ಮೊಹಾಲಿಯ ಸೆಮಿಕಂಡಕ್ಟರ್ ಲ್ಯಾಬೊರೇಟರಿಯಲ್ಲಿ ತಯಾರಾಯಿತು, 180 ನ್ಯಾನೋಮೀಟರ್‌ನಲ್ಲಿ.

ಅಂತರ ಬರೀ ವೇಗದ್ದಲ್ಲ

ಶಕ್ತಿಯ 'ಸಿ-ಕ್ಲಾಸ್' ವಿನ್ಯಾಸ ಆದೇಶಗಳನ್ನು ಬಂದ ಸರತಿಯಲ್ಲೇ ಮುಗಿಸುತ್ತದೆ. ದರ್ಶಿನಿ ಕೌಂಟರ್‌ನಲ್ಲಿ ಮಸಾಲೆ ದೋಸೆಗೆ ಕಾಯುವವರು ಮುಂದೆ ನಿಂತರೆ, ಹಿಂದಿನ ಇಡ್ಲಿಯವರೂ ಕಾಯಬೇಕಾದಂತೆ ಇದು. ಡೆಸ್ಕ್‌ಟಾಪ್ ಪ್ರೊಸೆಸರ್ ಹಾಗಲ್ಲ. ದೋಸೆ ಬೇಯುವಷ್ಟರಲ್ಲಿ ಇಡ್ಲಿ, ವಡೆ ಎಲ್ಲ ಕೊಟ್ಟು ಮುಗಿಸುತ್ತದೆ. ಹೀಗಾಗಿ ಎರಡನ್ನೂ ಒಂದೇ ಗಿಗಾಹರ್ಟ್ಜ್‌ನಲ್ಲಿ ಓಡಿಸಿದರೂ ಫಲಿತಾಂಶ ಒಂದೇ ಆಗುವುದಿಲ್ಲ.

ಹಾಗಂತ ಎಲ್ಲ ದೋಷವನ್ನೂ ಕಾರ್ಖಾನೆಯ ಮೇಲೆ ಹಾಕುವಂತಿಲ್ಲ. ಇದೇ 180 ನ್ಯಾನೋಮೀಟರ್‌ನಲ್ಲಿ ಇಂಟೆಲ್ ತನ್ನ ಪೆಂಟಿಯಂ 3 ಅನ್ನು 2000ನೇ ಇಸವಿಯಲ್ಲೇ 1 ಗಿಗಾಹರ್ಟ್ಜ್‌ಗೆ ಮುಟ್ಟಿಸಿತ್ತು. ವಿನ್ಯಾಸದ ಅನುಭವ, ಹಣ, ಪ್ರತಿ ವರ್ಷ ಕೊಳ್ಳುವ ಗ್ರಾಹಕರು - ಮೂರೂ ಅದಕ್ಕಿದ್ದವು. ಶಕ್ತಿಗೆ ಮೂರನೆಯದೇ ದೊಡ್ಡ ಕೊರತೆ.

ಇನ್ನೊಂದು ಗೋಡೆ ಸಾಫ್ಟ್‌ವೇರ್. ಶಕ್ತಿಯ ತಳಹದಿ 2010ರಲ್ಲಿ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ 'ರಿಸ್ಕ್-ಫೈವ್' ಎಂಬ ಮುಕ್ತ ಆದೇಶ ಸಮೂಹ. ಇದರ ಮೇಲೆ ಲಿನಕ್ಸ್ ನಡೆಯುತ್ತದೆ, ವಿಂಡೋಸ್ ನಡೆಯುವುದಿಲ್ಲ. ವಿಂಡೋಸ್‌ನಲ್ಲಿ ನುಡಿ ಹಾಕಿಕೊಂಡು ಪತ್ರ ಬರೆಯುವ ತಾಲೂಕು ಕಚೇರಿಗೆ ಅಂಥ ಪಿಸಿ ಕೊಟ್ಟರೆ ಮೊದಲ ದಿನವೇ ಕೆಲಸ ನಿಲ್ಲುತ್ತದೆ.

ಹಾಗಾದರೆ ಶಕ್ತಿ ಯಾಕೆ ಬೇಕು?

ಎಕ್ಸ್86 ಮಾದರಿಯ ಪ್ರೊಸೆಸರ್ ಮಾಡಬೇಕಿದ್ದರೆ ಇಂಟೆಲ್, ಎಎಂಡಿಯ ಹಕ್ಕುಗಳನ್ನು ದಾಟಿ ಹೋಗಲಾಗದು. ರಿಸ್ಕ್-ಫೈವ್‌ಗೆ ಯಾರ ಅಪ್ಪಣೆಯೂ ಬೇಡ. ಒಳಗೇನಿದೆ ಎಂದು ನಾವೇ ತೆರೆದು ನೋಡಬಹುದು. ಬಾಹ್ಯಾಕಾಶ, ರಕ್ಷಣಾ ಕ್ಷೇತ್ರಕ್ಕೆ ವೇಗಕ್ಕಿಂತ ಈ ಭರವಸೆಯೇ ಮುಖ್ಯ.

2025ರ ಫೆಬ್ರವರಿಯಲ್ಲಿ ಇಸ್ರೋ ಮತ್ತು ಐಐಟಿ ಮದ್ರಾಸ್ ಪ್ರಕಟಿಸಿದ 'ಐರಿಸ್' ಚಿಪ್ ಇದಕ್ಕೆ ಉದಾಹರಣೆ. ಶಕ್ತಿ ಆಧಾರಿತ ಈ ಚಿಪ್ ತಯಾರಾಗಿದ್ದು ಮೊಹಾಲಿಯಲ್ಲಿ, ಪ್ಯಾಕೇಜಿಂಗ್ ಆಗಿದ್ದು ಕರ್ನಾಟಕದಲ್ಲಿ, ಬೋರ್ಡ್ ಗುಜರಾತಿನದು, ಜೋಡಣೆ ಚೆನ್ನೈನದು. ಐಐಟಿ ಮದ್ರಾಸ್‌ನಲ್ಲೇ ಬೆಳೆದ ಮೈಂಡ್‌ಗ್ರೋವ್ ಕಂಪನಿ 2024ರಲ್ಲಿ 700 ಮೆಗಾಹರ್ಟ್ಜ್‌ನ 'ಸೆಕ್ಯೂರ್ ಐಒಟಿ' ಚಿಪ್ ತಂದಿತು. 2025ರ ಡಿಸೆಂಬರ್‌ನಲ್ಲಿ ಸಿ-ಡ್ಯಾಕ್‌ನ 'ಧ್ರುವ್64' 1 ಗಿಗಾಹರ್ಟ್ಜ್ ಮುಟ್ಟಿತು. ವಿದ್ಯುತ್ ಮೀಟರ್, ಸ್ಮಾರ್ಟ್ ಬೀಗ, ಕಾರ್ಖಾನೆ ಯಂತ್ರಗಳಿಗೆ ಇಷ್ಟು ವೇಗ ಧಾರಾಳ ಸಾಕು. ಟಾಟಾ ಸಂಸ್ಥೆ ಗುಜರಾತಿನ ಧೋಲೇರಾದಲ್ಲಿ ಕಟ್ಟುತ್ತಿರುವ ಕಾರ್ಖಾನೆಯ ಗುರಿಯೂ 28 ನ್ಯಾನೋಮೀಟರ್‌ವರೆಗೆ ಮಾತ್ರ. ರೈಜೆನ್ 7600 ತಯಾರಾಗುವುದು 5 ನ್ಯಾನೋಮೀಟರ್‌ನಲ್ಲಿ.

ಸಿಂಪ್ಯೂಟರ್ ಕಲಿಸಿದ ಪಾಠ

ಬೆಂಗಳೂರಿಗೆ ಇದರ ನೆನಪು ಇರಬೇಕು. ಐಐಎಸ್‌ಸಿ ಪ್ರಾಧ್ಯಾಪಕರು ಮತ್ತು ಎನ್‌ಕೋರ್ ಸಂಸ್ಥೆ ಸೇರಿ ರೂಪಿಸಿದ ಸಿಂಪ್ಯೂಟರ್ ಎರಡು ದಶಕದ ಹಿಂದೆ 'ಬಡವರ ಕಂಪ್ಯೂಟರ್' ಎಂದು ಹೆಸರಾಯಿತು. ಅದರೊಳಗಿದ್ದ ಪ್ರೊಸೆಸರ್ ಮಾತ್ರ ಇಂಟೆಲ್‌ನದು. ಹೊಗಳಿಕೆ ಸಾಕಷ್ಟು ಬಂತು, ಆದರೆ ನಿರೀಕ್ಷಿಸಿದಷ್ಟು ಜನ ಕೊಳ್ಳಲಿಲ್ಲ.

ಶಕ್ತಿಗೂ ಅದೇ ಗತಿ ಬರಬಾರದು ಎಂದರೆ ಹೊಗಳಿಕೆಗಿಂತ ಆರ್ಡರ್ ಬೇಕು. ದೇಶದಾದ್ಯಂತ ಸ್ಮಾರ್ಟ್ ಮೀಟರ್ ಅಳವಡಿಕೆ ನಡೆಯುತ್ತಿದೆ. ಅವುಗಳ ಟೆಂಡರ್‌ನಲ್ಲಿ ಇಲ್ಲಿ ವಿನ್ಯಾಸವಾದ ಚಿಪ್‌ಗೆ ಒಂದು ಪಾಲು ಮೀಸಲಿಟ್ಟರೆ, ಮುಂದಿನ ಚಿಪ್ ಮಾಡುವ ಹಣ ಮತ್ತು ಅನುಭವ ಎರಡೂ ಇಲ್ಲೇ ಉಳಿಯುತ್ತವೆ.

ಈ ತಿಂಗಳು ಮಗಳ ಓದಿಗೆ ಪಿಸಿ ಕೊಳ್ಳುವವರು ಐ5 ಅಥವಾ ರೈಜೆನ್ 5 ಕೊಳ್ಳಲಿ, ಅದರಲ್ಲಿ ತಪ್ಪೇನಿಲ್ಲ. 'ಸ್ವದೇಶಿ ಪಿಸಿ ಯಾವಾಗ' ಎನ್ನುವುದಕ್ಕಿಂತ, ನಮ್ಮ ಮನೆ ಗೋಡೆಯ ಮೀಟರ್‌ನಲ್ಲಿ ಯಾರ ಚಿಪ್ ಇದೆ ಎಂದು ಕೇಳುವುದೇ ಸದ್ಯಕ್ಕೆ ಹೆಚ್ಚು ಉಪಯೋಗದ ಪ್ರಶ್ನೆ.