ಬೆನ್ನುಹುರಿಗೆ ಪೆಟ್ಟಾದ ನಾಯಿಯ ಉಪಚಾರ

ಹೊನವಾಡದ ಸುತ್ತಿನ ದ್ರಾಕ್ಷಿ ತೋಟಗಳನ್ನೂ ಕುರಿಹಿಂಡುಗಳನ್ನೂ ಕಾಯುವ ನಾಯಿಯು ಒಕ್ಕಲಿಗನಿಗೆ ಸಂಬಳವಿಲ್ಲದ ಆಳು. ಅದು ವಾಹನಕ್ಕೆ ಸಿಕ್ಕು ಹಿಂಗಾಲು ಎಳೆಯಹತ್ತಿದ ಕೂಡಲೆ ಊರ ಹೊರಗೆ ಬಿಟ್ಟುಬರುವದು ನ್ಯಾಯವೂ ಅಲ್ಲ, ಲಾಭವೂ ಅಲ್ಲ.

ಬೆನ್ನುಹುರಿಯು ಜಜ್ಜಿದರೆ ಮಿದುಳಿನ ಅಪ್ಪಣೆಯು ಕಾಲಿಗೆ ಮುಟ್ಟದು. ಪಶುವೈದ್ಯರು ಹಿಂಗಾಲ ಬೆರಳನ್ನು ಬಲವಾಗಿ ಹಿಚುಕಿದಾಗ ನಾಯಿಯು ಹೊರಳಿ ನೋಡಿದರೆ ಅಥವಾ ಕೂಗಿದರೆ ಹುರಿಯು ಪೂರ್ಣ ಕಡಿದಿಲ್ಲವೆಂದು ತಿಳಿಯತಕ್ಕದ್ದು. ಕಾಲು ಎಳೆದುಕೊಂಡ ಮಾತ್ರಕ್ಕೆ ಅದು ಸಾಕ್ಷಿಯಲ್ಲ. ನೋವಿನ ಅರಿವುಳ್ಳ ಅನೇಕ ನಾಯಿಗಳು ಯೋಗ್ಯ ಚಿಕಿತ್ಸೆಯಿಂದ ಕೆಲವು ವಾರಗಳಲ್ಲಿ ತಿರುಗಿ ನಡೆಯುವವು. ಅರಿವೇ ಇಲ್ಲದಿದ್ದರೆ ಆಸೆಯು ಅಲ್ಪ.

ಗಾಯಗೊಂಡ ನಾಯಿಯ ಬಾಯನ್ನು ಬಟ್ಟೆಯಿಂದ ಕಟ್ಟಿ, ಕಾಲು ಹಿಡಿದೆತ್ತದೆ, ಹಲಗೆಯ ಮೇಲೆ ಮಲಗಿಸಿ ದವಾಖಾನೆಗೆ ಒಯ್ಯತಕ್ಕದ್ದು. ಬಳಿಕ ಇಕ್ಕಟ್ಟಾದ ಸ್ಥಳದಲ್ಲಿ ಮೆತ್ತನೆಯ ಹಾಸಿಗೆ ಹಾಕಿ, 4 ತಾಸಿಗೊಮ್ಮೆ ಮಗ್ಗಲು ಬದಲಿಸುವದು. ಮೂತ್ರ ಕಟ್ಟಿದರೆ ವೈದ್ಯರು ಕಲಿಸಿದಂತೆ ಕಿಬ್ಬೊಟ್ಟೆ ಒತ್ತಿ ತೆಗೆಯುವದು. ಮನುಷ್ಯರ ನೋವಿನ ಗುಳಿಗೆಯನ್ನು ಕೊಡಕೂಡದು. ಪೆಟ್ಟಿಲ್ಲದೆ ಕಾಲು ಸೋತ ನಾಯಿಯನ್ನು ಹುಚ್ಚಿನ ಶಂಕೆಯಿಂದ ಮುಟ್ಟದೆ, ಕೂಡಲೆ ವೈದ್ಯರಿಗೆ ತಿಳಿಸತಕ್ಕದ್ದು.

ನೆರೆಯ ಮುಧೋಳದ ನಾಯಿಗೆ 2005ರಲ್ಲಿ ಅಂಚೆ ಚೀಟಿಯ ಗೌರವವು ದೊರೆಯಿತು. ಊರ ಗೌಡರು ಚಾವಡಿಯಲ್ಲಿ ಒಂದು ಹಲಗೆಯನ್ನಿಡಿಸಿದರೆ ಪ್ರತಿಯೊಂದು ಕಾವಲು ನಾಯಿಗೂ ಅದಕ್ಕಿಂತ ಹೆಚ್ಚಿನ ಉಪಕಾರವಾಗುವದು.