ಅಕ್ವೇರಿಯಂ ಗಿಡಕ್ಕೆ ಕೆಲ್ವಿನ್ ನೋಡೋ ಮೊದಲು ಗಂಟೆ ನೋಡಿ

ಮೊನ್ನೆ ಕೆಂಗೇರಿ ಕಡೆಯ ಹುಡುಗನೊಬ್ಬ ಫೋನ್ ಮಾಡಿದ್ದ. ಅಕ್ವೇರಿಯಂ ಗಿಡ ಬೆಳೆದು ವಿಜಯನಗರ, ರಾಜಾಜಿನಗರದ ಮೀನಿನ ಅಂಗಡಿಗಳಿಗೆ ಕೊಡೋ ಯೋಚನೆ ಅವನದು. "ಅಣ್ಣಾ, 6500 ಕೆಲ್ವಿನ್ ಲೈಟ್ ತಗೊಳ್ಳಲಾ, 8000ದ್ದು ತಗೊಳ್ಳಲಾ? ಇಪ್ಪತ್ತು ಟ್ಯಾಂಕಿಗೆ ಹಾಕ್ಸೋಕೆ ಸಾಲ ಮಾಡ್ಬೇಕು" ಅಂದ. ಸಾಲ ಅಂದ ಕೂಡಲೇ ನನ್ನ ಮೊದಲ ವರ್ಷ ನೆನಪಾಯ್ತು.

ಆಗ ನಾನೂ 'ಗಿಡಕ್ಕಂತಲೇ ಮಾಡಿದ್ದು' ಅನ್ನೋ ಮಾತು ನಂಬಿ, ಜಾಸ್ತಿ ದುಡ್ಡು ಕೊಟ್ಟು ನೇರಳೆ ಬಣ್ಣದ ಲೈಟ್ ತಂದಿದ್ದೆ. ದಿನಕ್ಕೆ ಹದಿನಾಲ್ಕು ಗಂಟೆ ಉರಿಸಿದೆ. ತಿಂಗಳೊಳಗೆ ಗಾಜಿನ ತುಂಬ ಪಾಚಿ. ತೋಟಗಾರಿಕೆ ಓದಿದವನೇ ಹೀಗೆ ಮಾಡಿದ್ದೆ!

ಕೆಲ್ವಿನ್ ಅನ್ನೋದು ಬೆಳಕಿನ ಬಣ್ಣ ನಮ್ಮ ಕಣ್ಣಿಗೆ ಹೇಗೆ ಕಾಣುತ್ತೆ ಅನ್ನೋದರ ಅಳತೆ. 2700–3000 ಅಂದ್ರೆ ಹಳೇ ಬಲ್ಬಿನ ಹಳದಿ, 6500 ಅಂದ್ರೆ ಹಗಲಿನ ಬಿಳಿ, 10000 ಅಂದ್ರೆ ನೀಲಿ ಛಾಯೆ. ಗಿಡ ಆಹಾರ ತಯಾರಿಸೋಕೆ 400ರಿಂದ 700 ನ್ಯಾನೊಮೀಟರ್ ವರೆಗಿನ ಬೆಳಕನ್ನೆಲ್ಲ ಬಳಸುತ್ತೆ. ಕೆಂಪು, ನೀಲಿ ಹೆಚ್ಚು ಉಪಯೋಗ ನಿಜ, ಆದರೆ ಹಸಿರು ಬೆಳಕೂ ದಂಡವಲ್ಲ. ಕೀತ್ ಮೆಕ್ರೀ ಅನ್ನೋ ವಿಜ್ಞಾನಿ 22 ಬೆಳೆಗಳ ಮೇಲೆ ಅಳೆದು 1972ರಲ್ಲೇ ಇದನ್ನು ತೋರಿಸಿದ್ದಾರೆ. ಬಿಳಿ ಎಲ್‌ಇಡಿಯಲ್ಲಿ ಈ ಮೂರೂ ಬಣ್ಣ ಇರುತ್ತೆ. ಹಾಗಾಗಿ 4000ದಿಂದ 6500ರ ನಡುವೆ ಯಾವುದಾದರೂ ಸಾಕು. ನಾನು 6500 ಬಳಸೋದು ಅದು ಎಲ್ಲ ಅಂಗಡಿಯಲ್ಲೂ ಸಿಗುತ್ತೆ, ನೀರು ತಿಳಿಯಾಗಿ ಕಾಣುತ್ತೆ ಅಂತ ಮಾತ್ರ. 3000ದಲ್ಲೂ ಗಿಡ ಬೆಳೆಯುತ್ತೆ, ಆದರೆ ಟ್ಯಾಂಕ್ ಹಳದಿಯಾಗಿ ಕಾಣುತ್ತೆ.

ಹಾಗಾದ್ರೆ ನೋಡಬೇಕಾದ್ದೇನು? ಬೆಳಕಿನ ಪ್ರಮಾಣ ಮತ್ತು ಗಂಟೆ. ಸಾಮಾನ್ಯ ಗಿಡಗಳಿಗೆ ಲೀಟರಿಗೆ 20ರಿಂದ 30 ಲ್ಯೂಮೆನ್ ಅನ್ನೋದು ಹವ್ಯಾಸಿಗಳ ಒರಟು ಅಂದಾಜು. ಎರಡು ಅಡಿ ಉದ್ದದ, 70 ಲೀಟರಿನ ಟ್ಯಾಂಕಿಗೆ 10 ವ್ಯಾಟಿನ ಎರಡು ಎಲ್‌ಇಡಿ ಟ್ಯೂಬ್ ಸಾಕಾಗುತ್ತೆ. ದಿನಕ್ಕೆ ಎಂಟು ಗಂಟೆ ಉರಿಸಿ. ಅದಕ್ಕಿಂತ ಜಾಸ್ತಿಯಾದರೆ ಲಾಭ ಪಾಚಿಗೆ.

ಕರೆಂಟ್ ಲೆಕ್ಕವೂ ಹಾಕಿ. 20 ವ್ಯಾಟ್, ಎಂಟು ಗಂಟೆ, ಇಪ್ಪತ್ತು ಟ್ಯಾಂಕ್: ತಿಂಗಳಿಗೆ 96 ಯೂನಿಟ್. ನನ್ನ ಹಾಗೆ ಹದಿನಾಲ್ಕು ಗಂಟೆ ಉರಿಸಿದರೆ 168.

ಇನ್ನೊಂದು ಮಾತು. ಅನೂಬಿಯಾಸ್, ಕ್ರಿಪ್ಟೊಕೊರೈನ್, ಅಮೆಜಾನ್ ಸ್ವೋರ್ಡ್ ತರಹದ ಗಿಡಗಳನ್ನು ಮಾರಾಟಕ್ಕೆ ಬೆಳೆಯೋರು ಹೆಚ್ಚಾಗಿ ನೀರೊಳಗೆ ಬೆಳೆಯೋದಿಲ್ಲ. ಬೇರು ಒದ್ದೆ, ಎಲೆ ಗಾಳಿಯಲ್ಲಿ, ಮೇಲೆ 50ರಿಂದ 75 ಪರ್ಸೆಂಟ್ ಶೇಡ್‌ನೆಟ್. ವ್ಯಾಲಿಸ್ನೇರಿಯಾ ಮಾತ್ರ ನೀರಲ್ಲೇ ಇರಬೇಕು, ಅದಕ್ಕೆ ಸಿಮೆಂಟ್ ತೊಟ್ಟಿ ಆಗುತ್ತೆ. ಬೆಳಕು ಪುಕ್ಕಟೆ ಕೊಡೋಕೆ ಸೂರ್ಯ ಇದ್ದಾನೆ. ರೈತನಾದವನು ಇಪ್ಪತ್ತು ಟ್ಯಾಂಕಿಗೆ ಸಾಲ ಮಾಡಿ ಲೈಟ್ ಹಾಕೋದು ನನಗಂತೂ ಸರಿ ಕಾಣಲ್ಲ.

ಬಣ್ಣ ಲೆಕ್ಕಕ್ಕೇ ಬರಲ್ಲ ಅಂತ ನಾನು ಹೇಳ್ತಿಲ್ಲ. ಸೇವಂತಿಗೆ ತೋಟದಲ್ಲಿ ರಾತ್ರಿ ಬಲ್ಬ್ ಉರಿಸೋದು ಹೂ ಬೇಗ ಬಿಡದಿರಲಿ ಅಂತ. ಅಲ್ಲಿ ಕೆಂಪು ಬೆಳಕಿಗೆ ನಿಜವಾಗಿ ಕೆಲಸ ಇದೆ. ಕೆಂಪು ಎಲೆಯ ರೊಟಾಲ ಎದ್ದು ಕಾಣಬೇಕಾದರೆ ಕೆಂಪು ಅಂಶ ಜಾಸ್ತಿ ಇರೋ ಲೈಟ್ ಚೆಂದ. ಆದರೆ ಅದು ಗಿರಾಕಿಯ ಹಾಲ್‌ನಲ್ಲಿರೋ ಟ್ಯಾಂಕಿಗೆ, ನಿಮ್ಮ ಶೇಡ್‌ನೆಟ್ಟಿಗಲ್ಲ.

ಗಿರಾಕಿಗೂ ನಿಜ ಹೇಳಿ. ಗಾಳಿಯಲ್ಲಿ ಬೆಳೆದ ಎಲೆ ನೀರಿಗೆ ಹೋದ ಮೇಲೆ ಕೊಳೆಯಬಹುದು, ಆಮೇಲೆ ನೀರಿಗೆ ಹೊಂದೋ ಹೊಸ ಎಲೆ ಬರುತ್ತೆ. ಇದನ್ನು ಮೊದಲೇ ಹೇಳದಿದ್ದರೆ ಅವರು ಲೈಟನ್ನು ಬೈತಾರೆ, ಆಮೇಲೆ ನಿಮ್ಮನ್ನು.

ಆ ಹುಡುಗನಿಗೆ ಹೇಳಿದ್ದಿಷ್ಟೇ: ಸಾಲ ಬೇಡ. ಶೇಡ್‌ನೆಟ್, ಟಬ್ಬು, ಅಂಗಡಿಯವರಿಗೆ ತೋರಿಸೋಕೆ ಒಂದೇ ಟ್ಯಾಂಕ್, ಅದಕ್ಕೆ 6500ರ ಟ್ಯೂಬ್. ಆದರೆ ಟೈಮರ್ ಮಾತ್ರ ಮರೀಬೇಡ. ಲೈಟ್ ಆಫ್ ಮಾಡೋದನ್ನು ನಾವು ಮರೀತೀವಿ, ಅದು ಮರೆಯಲ್ಲ.